ಒಂದೇ ಜಮಖಾನೆಯ ಮೇಲೆ

ಕಳೆದ ಬೇಸಿಗೆಯಲ್ಲಿ ಒಂದೇ ವಾರದ ಅಂತರದಲ್ಲಿ ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದಿದ್ದರು. ಇಬ್ಬರೂ ಒಂದೇ ತರಗತಿಯವರು. ಒಬ್ಬನು ಬೆಂಗಳೂರಿನ ಕಂಪನಿಯೊಂದರ ಸಾಮಾಜಿಕ ಹೊಣೆಗಾರಿಕೆಯ ವಿಭಾಗದಲ್ಲಿ, ಈಗ ಎಲ್ಲರ ಬಾಯಲ್ಲಿರುವ ಮಾತಿನಲ್ಲಿ ಹೇಳುವುದಾದರೆ ಸಿ.ಎಸ್.ಆರ್. ವಿಭಾಗದಲ್ಲಿ, ಅಧಿಕಾರಿ. ಇನ್ನೊಬ್ಬಳು ಹೆಗ್ಗಡದೇವನಕೋಟೆಯ ಕಡೆ ಜೇನುಕುರುಬರ ಹಾಡಿಗಳಲ್ಲಿ ಮಕ್ಕಳಿಗೆ ಸಂಜೆಯ ಪಾಠ ನಡೆಸುವ ಸಣ್ಣ ಸಂಸ್ಥೆಯೊಂದನ್ನು ಕಟ್ಟಿಕೊಂಡವಳು. ಹೆಸರು ಬರೆಯುವುದಿಲ್ಲ, ಆ ತರಗತಿಯವರಿಗೆ ಹೇಗೂ ತಿಳಿಯುತ್ತದೆ.

“ಮೇಷ್ಟ್ರೇ, ನಮ್ಮಲ್ಲಿಗೆ ಬರುವ ವರದಿಗಳಲ್ಲೆಲ್ಲ ಬರೀ ಯಶಸ್ಸೇ. ಯಾವುದನ್ನು ನಂಬಬೇಕೋ ತಿಳಿಯುವುದಿಲ್ಲ” ಎಂದನು ಅವನು. “ಮೇಷ್ಟ್ರೇ, ಇದ್ದದ್ದನ್ನು ಇದ್ದ ಹಾಗೆ ಬರೆದರೆ ಮುಂದಿನ ವರ್ಷ ಹಣ ಬರುವುದಿಲ್ಲ” ಎಂದಳು ಅವಳು. ಒಂದೇ ರೋಗವನ್ನು ಎರಡು ಮನೆಯವರು ಬೇರೆ ಬೇರೆ ಹೆಸರಿನಿಂದ ಕರೆದಂತಿತ್ತು.

ಈ ರೋಗ ನನಗೆ ಹೊಸದಲ್ಲ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ನಾನು ಮುಖ್ಯೋಪಾಧ್ಯಾಯನಾಗಿದ್ದ ಶಾಲೆಗೆ ದಾನಿಗಳು ಐದು ಕಂಪ್ಯೂಟರುಗಳನ್ನು ಕೊಟ್ಟರು. ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿಕೊಂಡು, ಕಾರು ಹತ್ತಿ ಹೋದರು. ನಮ್ಮೂರಿನಲ್ಲಿ ಹಗಲು ಹೊತ್ತು ಕರೆಂಟು ಇರುತ್ತದೆಯೇ ಎಂದು ಅವರು ಕೇಳಲಿಲ್ಲ; ಇರುವುದಿಲ್ಲವೆಂದು ನಾನೂ ಹೇಳಲಿಲ್ಲ. ಕೊಟ್ಟವರೆದುರು ಕೊರತೆ ಹೇಳುವುದು ಮರ್ಯಾದೆಯಲ್ಲವೆಂಬ ಭಾವನೆ. ವರ್ಷದ ಕೊನೆಯಲ್ಲಿ ‘ಮಕ್ಕಳು ಉಪಯೋಗಿಸುತ್ತಿದ್ದಾರೆ’ ಎಂದು ಬರೆದ ಕಾಗದಕ್ಕೆ ಸಹಿ ಹಾಕಿ, ಶಾಲೆಯ ಮೊಹರು ಒತ್ತಿದೆ. ಕೊಠಡಿಗೆ ಬೀಗ ಬಿದ್ದಿತ್ತು. ನನ್ನ ಸುಳ್ಳು ವರದಿಯನ್ನು ನಂಬಿ ಆ ದಾನಿಗಳು ಇನ್ನಷ್ಟು ಶಾಲೆಗಳಿಗೆ ಅದೇ ಐದೈದು ಪೆಟ್ಟಿಗೆಗಳನ್ನು ಕಳುಹಿಸಿರಬಹುದೆಂಬ ಯೋಚನೆ ನಿವೃತ್ತಿಯಾದ ಮೇಲೂ ನನ್ನನ್ನು ಬಿಟ್ಟಿಲ್ಲ. ತರಗತಿಯಲ್ಲಿ ಸುಳ್ಳು ಹೇಳಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮೇಷ್ಟರು ಇವರೇ ಏನು ಎಂದು ನಿಮ್ಮಲ್ಲಿ ಕೆಲವರು ನಗಬಹುದು. ನಗಿರಿ.

ಇದಕ್ಕೆ ಎದುರಾದ ಒಂದು ನಿದರ್ಶನವೂ ನಮ್ಮ ಜಿಲ್ಲೆಯಲ್ಲಿಯೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ‘ನಲಿ-ಕಲಿ’ ಆರಂಭವಾಯಿತು. ಯುನಿಸೆಫ್ ನೆರವು ನೀಡಿತ್ತು. ಆದರೆ ಸಿದ್ಧಪಡಿಸಿದ ಪೆಟ್ಟಿಗೆಯೊಂದು ಮೇಲಿನಿಂದ ಇಳಿದು ಬರಲಿಲ್ಲ. ಸರ್ಕಾರಿ ಶಾಲೆಯ ಶಿಕ್ಷಕರೇ ಆಂಧ್ರದ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಿಕ್ಷಣ ಕೇಂದ್ರದವರು ಸುತ್ತಲಿನ ಹಳ್ಳಿಗಳಲ್ಲಿ ನಡೆಸುತ್ತಿದ್ದ ಪುಟ್ಟ ಶಾಲೆಗಳನ್ನು ನೋಡಿಬಂದರು. ತಮ್ಮ ಮಕ್ಕಳಿಗೆ ಒಗ್ಗುವ ಕಾರ್ಡುಗಳನ್ನೂ ಕಲಿಕೆಯ ಏಣಿಯನ್ನೂ ತಾವೇ ಕುಳಿತು ರಚಿಸಿದರು. ಹಣವುಳ್ಳವರು, ಅನುಭವವುಳ್ಳ ಸಂಸ್ಥೆಯವರು, ಪ್ರತಿದಿನ ಸೀಮೆಸುಣ್ಣ ಹಿಡಿಯುವವರು, ಈ ಮೂವರೂ ಅಲ್ಲಿ ಸೇರಿದ್ದರು. ಆಗ ಪಕ್ಕದ ತಾಲ್ಲೂಕಿನಲ್ಲಿದ್ದ ನನಗೆ ಆ ಶಿಕ್ಷಕರ ಮಾತಿನಲ್ಲಿದ್ದ ಹುರುಪನ್ನು ಕಂಡು ಸ್ವಲ್ಪ ಹೊಟ್ಟೆಕಿಚ್ಚೂ ಆಗಿತ್ತು. 2009-10ರಲ್ಲಿ ಅದೇ ನಲಿ-ಕಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಆದೇಶದ ರೂಪದಲ್ಲಿ ತಲುಪಿದಾಗ, ಅದನ್ನು ಹೊರೆಯೆಂದು ಗೊಣಗಿದ ಶಿಕ್ಷಕರನ್ನೂ ಕಂಡಿದ್ದೇನೆ. ಕಾರ್ಡುಗಳು ಇವರಿಗೂ ದೊರೆತಿದ್ದವು. ಕೂಡಿ ಕಲಿಯುವ ಅವಕಾಶ ದೊರೆತಿರಲಿಲ್ಲ.

ಇದನ್ನೆಲ್ಲ ಯೋಚಿಸಿ ಆ ಇಬ್ಬರನ್ನೂ ಒಂದು ಭಾನುವಾರ ನಮ್ಮ ಮನೆಗೆ ಕರೆದೆನು. ಅವನು ತನ್ನಂತೆಯೇ ಹಣ ಹಂಚುವ ಇಬ್ಬರನ್ನು ಕರೆತಂದನು, ಅವಳು ಹಾಡಿಯಲ್ಲಿ ಪಾಠ ಹೇಳುವ ಇಬ್ಬರು ಹುಡುಗಿಯರನ್ನು ಕರೆತಂದಳು. ಒಟ್ಟು ಏಳು ಜನ. ನಡುಮನೆಯಲ್ಲಿ ಜಮಖಾನೆ ಹಾಸಿದೆವು. ಈ ದಿನ ಹಣದ ಮಾತಿಲ್ಲ, ಕೇಳುವವರೂ ಇಲ್ಲ, ಕೊಡುವವರೂ ಇಲ್ಲ ಎಂಬುದೊಂದೇ ನನ್ನ ಷರತ್ತು. ಆದರೂ ಮೊದಲ ಅರ್ಧ ಗಂಟೆ ಎಲ್ಲರೂ ವರದಿಯ ಭಾಷೆಯಲ್ಲಿಯೇ ಮಾತನಾಡಿದರು. ಕೊನೆಗೆ ನಾನು ಆ ಬೀಗ ಬಿದ್ದ ಕೊಠಡಿಯ ಕಥೆಯನ್ನು ಹೇಳಿದೆನು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಆಮೇಲೆ ಬಾಯಿ ಬಿಟ್ಟವಳು ಹಾಡಿಯ ಹುಡುಗಿ. ಕಾಫಿ ಕೊಯ್ಲಿನ ಕಾಲಕ್ಕೆ ತಂದೆತಾಯಿಯರು ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುವಾಗ ಮಕ್ಕಳನ್ನೂ ಕರೆದೊಯ್ಯುತ್ತಾರೆ. ಜನವರಿಯಿಂದ ಮಾರ್ಚಿಯವರೆಗಿನ ತ್ರೈಮಾಸಿಕ ವರದಿಯಲ್ಲಿ ಹಾಜರಾತಿ ಎಷ್ಟೆಂದು ಬರೆಯಬೇಕು? ಇದ್ದಂತೆ ಬರೆದರೆ ‘ಕಾರ್ಯಕ್ರಮ ವಿಫಲ’ ಎನ್ನುತ್ತಾರೆ. “ಅದಕ್ಕೆ ಅಕ್ಕಪಕ್ಕದ ಹಾಡಿಯ ಮಕ್ಕಳನ್ನೂ ಸೇರಿಸಿ ಬರೀತೀವಿ ಸಾರ್” ಎಂದು ತಲೆ ತಗ್ಗಿಸಿದಳು. ಬಂದಿದ್ದವರಲ್ಲಿ ಒಬ್ಬರು ಕೇಳಿದರು: “ಮಕ್ಕಳು ತೋಟಕ್ಕೆ ಹೋದರೆ ನೀವೂ ಅಲ್ಲಿಗೇ ಹೋಗಿ ಪಾಠ ಮಾಡಬಹುದಲ್ಲ?” ಮಾಡಬಹುದು, ಆದರೆ ಅರ್ಜಿಯ ನಮೂನೆಯಲ್ಲಿ ‘ಕೇಂದ್ರದ ವಿಳಾಸ’ ಒಂದೇ ಇರಬೇಕಂತೆ! ಆ ನಮೂನೆಯನ್ನು ತಯಾರಿಸಿದ್ದವನು ಎದುರಿಗೇ ಕುಳಿತಿದ್ದ ನನ್ನ ಶಿಷ್ಯ.

ಕಲಿತದ್ದು ಒಂದು ಕಡೆಯವರು ಮಾತ್ರವಲ್ಲ. 2013ರ ಕಂಪನಿ ಕಾಯಿದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಇಂಥ ಕೆಲಸಗಳಿಗೆ ವಿನಿಯೋಗಿಸಬೇಕೆಂಬುದು ಅವಳಿಗೆ ತಿಳಿದಿತ್ತು. ಮಾರ್ಚ್ 31 ಹತ್ತಿರವಾದಂತೆ ಅವನ ಕಚೇರಿಯಲ್ಲಿ ಉಂಟಾಗುವ ಗಡಿಬಿಡಿ ತಿಳಿದಿರಲಿಲ್ಲ. 2021ರ ತಿದ್ದುಪಡಿಯ ನಂತರ, ಹಲವು ವರ್ಷಗಳ ‘ಚಾಲ್ತಿ ಯೋಜನೆ’ ಎಂದು ಮೊದಲೇ ಒಪ್ಪಿಗೆ ಪಡೆದಿದ್ದರೆ ಉಳಿದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಮುಂದಿನ ಮೂರು ವರ್ಷಗಳಲ್ಲಿ ಖರ್ಚು ಮಾಡಬಹುದು ಎಂದು ಅವನು ವಿವರಿಸಿದಾಗ, “ಇದನ್ನು ಮೊದಲೇ ಹೇಳಬಾರದಿತ್ತೇನೋ? ನಾವು ವರ್ಷ ವರ್ಷವೂ ಹೊಸ ಅರ್ಜಿ ಬರೆದು ಸಾಯುತ್ತೇವೆ” ಎಂದು ಗದರಿದಳು. “ನೀನು ಕೇಳಲೇ ಇಲ್ಲವಲ್ಲೇ” ಎಂದನು ಅವನು. ಏಳನೆಯ ತರಗತಿಯ ಜಗಳ ಮರುಕಳಿಸಿದಂತಾಯಿತು.

ದಾನಿಗಳನ್ನೂ ಸಂಸ್ಥೆಗಳನ್ನೂ ಕೂಡಿಸುವ ದೊಡ್ಡ ಸಮಾವೇಶಗಳು ನಗರದ ಹೋಟೆಲುಗಳಲ್ಲಿ ನಡೆಯುವುದುಂಟು; ಒಂದೆರಡಕ್ಕೆ ನಾನೂ ಹೋಗಿದ್ದೇನೆ. ಅಲ್ಲಿ ಸಂಸ್ಥೆಯ ಮುಖ್ಯಸ್ಥರು ವೇದಿಕೆಯ ಮೇಲೆ ಬಣ್ಣದ ಚಿತ್ರ ತೋರಿಸುತ್ತಾರೆ, ದಾನಿಗಳು ಚಪ್ಪಾಳೆ ತಟ್ಟುತ್ತಾರೆ, ಚಹಾ ವಿರಾಮದಲ್ಲಿ ವಿಳಾಸದ ಚೀಟಿಗಳು ಕೈ ಬದಲಾಯಿಸುತ್ತವೆ. ಅದನ್ನು ಸಂತೆಯೆಂದು ಕರೆದರೆ ತಪ್ಪಾಗದು. ಸಂತೆಗೆ ಬಂದವನು ತನ್ನ ಬದನೆಕಾಯಿಯಲ್ಲಿ ಹುಳುವಿದೆಯೆಂದು ಹೇಳುತ್ತಾನೆಯೇ? ಹುಳುವಿನ ಮಾತು ಬರಬೇಕಾದರೆ ಜನ ಕಡಿಮೆಯಿರಬೇಕು, ಹಾಡಿಯ ಹುಡುಗಿಯಂಥವರು ಬಂದಿರಬೇಕು, ಮತ್ತು ತಪ್ಪೊಪ್ಪಿಗೆ ಕೊಡುವವರ ಕಡೆಯಿಂದ ಮೊದಲಾಗಬೇಕು. ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ ಎಂಬುದು ಒಂದು ಭಾನುವಾರದಿಂದ ಅಳಿಸಿಹೋಗುವುದಿಲ್ಲವೆಂಬುದನ್ನು ಬಲ್ಲೆ. ಅಂದು ಸಂಜೆ ಹೊರಡುವಾಗ ಆ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು, “ನಾನು ಹೇಳಿದ್ದರಿಂದ ಅಕ್ಕನಿಗೆ ತೊಂದರೆ ಆಗಲ್ಲ ತಾನೇ ಸಾರ್?” ಎಂದು ಕೇಳಿದಳು. ಆಗುವುದಿಲ್ಲವೆಂದು ಖಚಿತವಾಗಿ ಹೇಳಲು ನನ್ನಿಂದ ಸಾಧ್ಯವಾಗಲಿಲ್ಲ.

ಈಗ ಅವನ ನಮೂನೆಯಲ್ಲಿ ವಿಳಾಸದ ಅಂಕಣಕ್ಕೆ ಇನ್ನೆರಡು ಸಾಲುಗಳು ಸೇರಿವೆ. ‘ಈ ವರ್ಷ ಯಾವುದು ನಡೆಯಲಿಲ್ಲ, ಏಕೆ?’ ಎಂಬ ಹೊಸ ಪ್ರಶ್ನೆಯೂ ಬಂದಿದೆ. ಅವಳಿಗೆ ಹಣ ಕೊಡುವ ಸಂಸ್ಥೆ ಬೇರೆ. ಅವರ ನಮೂನೆ ಇನ್ನೂ ಹಳೆಯದೇ. ಮುಂದಿನ ಸಲ ಅವರನ್ನೂ ಕರೆಯಬೇಕೆಂದಿದ್ದೇವೆ, ಕೊಯ್ಲಿನ ಕಾಲದಲ್ಲಿ, ಹಾಡಿಯಲ್ಲಿಯೇ. ನಿಮ್ಮಲ್ಲಿ ಹಣ ಕೊಡುವ ಕೆಲಸದಲ್ಲಿರುವವರು ಎಷ್ಟೋ ಮಂದಿ ಇದ್ದೀರಿ. ಬರುವುದಾದರೆ ತಿಳಿಸಿ. ರಾತ್ರಿ ಅಲ್ಲಿ ಚಳಿ ಬಹಳ, ಕಂಬಳಿ ತನ್ನಿ.