ಮೆದುಳಿನ ಪೇಸ್‌ಮೇಕರ್: ನ್ಯೂ ಟೌನ್‌ನಲ್ಲಾದರೂ ಬೆಲೆ ಇಳಿದೀತೇ?

ಕೋಲ್ಕತ್ತಾ: ಕಿನ್ನಿಗೋಳಿ ಮೂಲದ ಹೃದಯತಜ್ಞ ಡಾ. ದೇವಿ ಶೆಟ್ಟಿಯವರ ನಾರಾಯಣ ಹೆಲ್ತ್ ಸಂಸ್ಥೆಯ ದೊಡ್ಡ ಆಸ್ಪತ್ರೆಗೆ ಇಲ್ಲಿನ ನ್ಯೂ ಟೌನ್‌ನಲ್ಲಿ 2025ರ ಫೆಬ್ರವರಿಯಲ್ಲಿ ಶಿಲಾನ್ಯಾಸವಾಯಿತು. ಶೆಟ್ಟರಿಗೆ ಈ ನಗರ ಹೊಸದೇನಲ್ಲ. 1989ರಲ್ಲಿ ಇಂಗ್ಲೆಂಡಿನಿಂದ ಮರಳಿದವರು ಕೆಲಸಕ್ಕೆ ಸೇರಿದ್ದು ಇಲ್ಲಿನ ಬಿರ್ಲಾ ಹೃದ್ರೋಗ ಕೇಂದ್ರಕ್ಕೆ. ಮದರ್ ತೆರೇಸಾ ಅವರಿಗೆ ಚಿಕಿತ್ಸೆ ನೀಡಿದ್ದೂ ಇದೇ ಊರಿನಲ್ಲಿ. ಹೃದಯದ ಆಪರೇಷನ್ನಿನ ಖರ್ಚು ಇಳಿಸಿದವರೆಂಬ ಹೆಸರು ಅವರಿಗಿದೆ. ಹಾಗಾದರೆ ಪಾರ್ಕಿನ್ಸನ್ ರೋಗಿಗಳ ಮೆದುಳಿಗೆ ಅಳವಡಿಸುವ ಸಾಧನಕ್ಕೂ ಆ ಲೆಕ್ಕ ಒಗ್ಗೀತೇ?

ಕಷ್ಟವೇ. ಹೃದಯದ ಆಪರೇಷನ್‌ಗಳು ದಿನಕ್ಕೆ ಹತ್ತಾರು ನಡೆದರೆ ಥಿಯೇಟರಿನ, ಸಿಬ್ಬಂದಿಯ ಖರ್ಚು ಹಂಚಿಹೋಗುತ್ತದೆ. ಇಲ್ಲಿ ಹಾಗಲ್ಲ. ಮೆದುಳಿನ ಆಳಕ್ಕೆ ಇಳಿಸುವ ಸೂಕ್ಷ್ಮ ತಂತಿ, ಎದೆಯ ಚರ್ಮದಡಿ ಇಡುವ ಬ್ಯಾಟರಿ ಪೆಟ್ಟಿಗೆ ಇವೇ ಬಿಲ್ಲಿನ ದೊಡ್ಡ ಪಾಲು ನುಂಗುತ್ತವೆ. ಒಟ್ಟು ಖರ್ಚು ಹತ್ತು ಲಕ್ಷ ರೂಪಾಯಿಯ ಆಸುಪಾಸು. ಮಾರುಕಟ್ಟೆ ಬಹುತೇಕ ಮೆಡ್‌ಟ್ರಾನಿಕ್, ಬೋಸ್ಟನ್ ಸೈಂಟಿಫಿಕ್, ಅಬ್ಬೋಟ್ ಎಂಬ ಮೂರು ಕಂಪೆನಿಗಳ ಕೈಯಲ್ಲಿದೆ. ಚೀನಾ ತನ್ನದೇ ಪಿನ್ಸ್ ಕಂಪೆನಿಯ ಸಾಧನವನ್ನು ಪೈಪೋಟಿಗೆ ಇಳಿಸಿತು. ನಮ್ಮ ಆಸ್ಪತ್ರೆಗಳು ನೆಚ್ಚಿರುವುದು ಆಮದು ಮಾಲನ್ನೇ.

ಸರಕಾರ ಮನಸ್ಸು ಮಾಡಿದರೆ ಬೆಲೆ ಇಳಿಯುತ್ತದೆ ಎಂಬುದಕ್ಕೆ 2017 ಸಾಕ್ಷಿ. ಆ ವರ್ಷ ಹೃದಯದ ಸ್ಟೆಂಟ್‌ಗೆ ಫೆಬ್ರವರಿಯಲ್ಲಿ, ಮಂಡಿಚಿಪ್ಪಿನ ಕೃತಕ ಕೀಲಿಗೆ ಆಗಸ್ಟಿನಲ್ಲಿ ಗರಿಷ್ಠ ದರ ಗೊತ್ತುಮಾಡಲಾಯಿತು. ಲಕ್ಷ ದಾಟಿದ್ದ ಸ್ಟೆಂಟ್ ಮೂವತ್ತು ಸಾವಿರದ ಹತ್ತಿರಕ್ಕೆ ಬಂತು. ಮೆದುಳಿನ ಸಾಧನಕ್ಕೆ ಆ ಭಾಗ್ಯ ಬಂದಿಲ್ಲ. 2020ರ ಏಪ್ರಿಲಿನಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾಯಿದೆಯಡಿ ಬಂದಿವೆಯಾದರೂ, ದರ ಗೊತ್ತುಮಾಡದ ಸಾಧನಗಳಿಗೆ ಇರುವುದು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಬೆಲೆ ಏರಿಸಬಾರದೆಂಬ ನಿಯಮ ಮಾತ್ರ. ಮೊದಲೇ ಏರಿ ಕುಳಿತ ಬೆಲೆಗೆ ಅದರಿಂದ ಏನೂ ಆಗದು.

ಇನ್ನು ಈ ಚಿಕಿತ್ಸೆ ರೋಗವನ್ನು ಗುಣಪಡಿಸುವುದಿಲ್ಲ. ನಡುಕ, ಬಿಗಿತ ತಗ್ಗಿಸುತ್ತದೆ, ಅಷ್ಟೇ. ಲೆವೊಡೋಪಾ ಮಾತ್ರೆಗೆ ಸ್ಪಂದಿಸುವವರಿಗೇ ಇದು ಹೆಚ್ಚಾಗಿ ಹೊಂದುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸರಕಾರಿ ಸಂಸ್ಥೆಗೆ ಹೋದರೂ ಸಾಧನದ ಬೆಲೆ ಬೆನ್ನು ಬಿಡದು.

ಮನೆಯವರು ಮೊದಲೇ ಕೇಳಬೇಕಾದ್ದು ಎರಡನೇ ಬ್ಯಾಟರಿಯ ಮಾತು. ಸಾದಾ ಬ್ಯಾಟರಿ ಮೂರರಿಂದ ಐದು ವರ್ಷದಲ್ಲಿ ಮುಗಿಯುತ್ತದೆ, ಮತ್ತೆ ಲಕ್ಷಗಳ ಲೆಕ್ಕ. ಚಾರ್ಜ್ ಮಾಡುವಂಥದ್ದು ಹದಿನೈದು ವರ್ಷ ಬಾಳಿದರೂ ಕೊಳ್ಳುವಾಗ ದುಬಾರಿ. ಎಪ್ಪತ್ತರ ಅಜ್ಜ ಮಗನ ಸಂಬಳ ನಂಬಿ ಯಾವುದನ್ನು ಆರಿಸಬೇಕು?

ವಿಮೆ ಇದ್ದವರು ಪಾಲಿಸಿ ತೆಗೆದು ನೋಡುವುದೊಳ್ಳೆಯದು. 2019ರ ವಿಮಾ ಪ್ರಾಧಿಕಾರದ ಮಾರ್ಗಸೂಚಿಯಂತೆ ಈ ಚಿಕಿತ್ಸೆಯನ್ನು ಕಂಪೆನಿಗಳು ಹೊರಗಿಡುವಂತಿಲ್ಲ. ಆದರೆ ಒಳಮಿತಿ ಹಾಕಲು ಅಡ್ಡಿಯಿಲ್ಲ. ಐದು ಲಕ್ಷದ ಪಾಲಿಸಿಯಲ್ಲೂ ಈ ಚಿಕಿತ್ಸೆಗೆ ಸಿಗುವುದು ಅದರ ಒಂದು ಪಾಲು ಮಾತ್ರ ಎಂದು ಸಣ್ಣ ಅಕ್ಷರದಲ್ಲಿ ಬರೆದಿರಬಹುದು.