ಸಾಗಿಸಿದ್ದೋ, ನಕಲು ಮಾಡಿದ್ದೋ?

ಈ ಸಲ ನನ್ನದೇ ಒಂದು ತಪ್ಪಿನ ಕಥೆ. ವಿಷಯ ತಾಂತ್ರಿಕವೇ. ಆದರೆ ಪರದೆಯ ಮೇಲೆ ಏನೇ ಬಂದರೂ ಓದದೆ 'ಓಕೆ' ಒತ್ತುವ ಅಭ್ಯಾಸ ಇರುವವರಿಗೆಲ್ಲ ಸಂಬಂಧಿಸಿದ್ದು.

ಮೊದಲು ವರ್ಚುವಲ್ ಮಷೀನ್ ಅಂದರೇನು ಹೇಳಿಬಿಡುತ್ತೇನೆ. ಹಳೆಯ ವಠಾರ ನೆನಪಿಸಿಕೊಳ್ಳಿ. ಕಾಂಪೌಂಡು ಒಂದೇ, ಬಾವಿ ಒಂದೇ, ಒಳಗೆ ಮನೆಗಳು ಹಲವು. ಹಾಗೆಯೇ ಒಂದು ಕಂಪ್ಯೂಟರಿನ ಮೆಮೊರಿ, ಪ್ರೊಸೆಸರ್, ಡಿಸ್ಕ್ ಹಂಚಿಕೊಂಡು ಅದರೊಳಗೆ ಬೇರೆ ಬೇರೆ ಕಂಪ್ಯೂಟರ್‌ಗಳು ಓಡುತ್ತವೆ. ಹೊರಗಿನಿಂದ ನೋಡಿದರೆ ಒಂದೊಂದು ಮಷೀನೂ ಡಿಸ್ಕಿನಲ್ಲಿರುವ ಕೆಲವು ಫೈಲುಗಳು, ಅಷ್ಟೇ. ಫೋಲ್ಡರ್ ನಕಲು ಮಾಡಿದರೆ ಇಡೀ ಕಂಪ್ಯೂಟರೇ ಎರಡಾಯಿತು. ಅನುಕೂಲವೂ ಅದೇ, ಅಪಾಯವೂ ಅದೇ.

ಪುಣೆಗೆ ಬಂದ ಹೊಸದರಲ್ಲಿ ನಾನಿದ್ದ ಕಚೇರಿಯ ಬಿಲ್ಲಿಂಗ್ ಸರ್ವರ್ ಹೀಗೆ ಒಂದು ವಿಎಂವೇರ್ ಮಷೀನಿನಲ್ಲಿತ್ತು. ಹೊಸ ಆವೃತ್ತಿಯನ್ನು ಪರೀಕ್ಷಿಸಬೇಕಿತ್ತು. ಭಾನುವಾರ ಸರ್ವರ್ ನಿಲ್ಲಿಸಿ, ಆ ಫೋಲ್ಡರನ್ನು ಇನ್ನೊಂದು ಕಂಪ್ಯೂಟರಿಗೆ ನಕಲು ಮಾಡಿಕೊಂಡು, ಮತ್ತೆ ಚಾಲೂ ಮಾಡಿಟ್ಟು ಬಂದೆ. ಸೋಮವಾರ ಬೆಳಿಗ್ಗೆ ನಕಲನ್ನು ಶುರು ಮಾಡಿದಾಗ ಒಂದು ಎಚ್ಚರಿಕೆ ಬಂತು: ಈ ಮಷೀನನ್ನು ಬೇರೆಡೆಗೆ ಸಾಗಿಸಿರಬಹುದು ಅಥವಾ ನಕಲು ಮಾಡಿರಬಹುದು, ಯಾವುದು? ಕೆಳಗೆ 'ಐ ಮೂವ್ಡ್ ಇಟ್', 'ಐ ಕಾಪೀಡ್ ಇಟ್' ಎಂಬ ಗುಂಡಿಗಳು. ಗೊತ್ತಿಲ್ಲದಿದ್ದರೆ 'ಐ ಕಾಪೀಡ್ ಇಟ್' ಒತ್ತಿ ಎಂಬ ಸಲಹೆಯೂ ಅಲ್ಲೇ ಇತ್ತು. ನಾನು ಓದಲಿಲ್ಲ. ಚಹಾಕ್ಕೆ ಹೊರಟಿದ್ದೆ. 'ಐ ಮೂವ್ಡ್ ಇಟ್' ಒತ್ತಿ ಎದ್ದುಹೋದೆ.

ಅರ್ಧ ಗಂಟೆಯಲ್ಲಿ ಗಲಾಟೆ ಶುರುವಾಯಿತು. ಬಿಲ್ಲಿಂಗ್ ಒಮ್ಮೆ ತೆರೆಯುತ್ತದೆ, ಒಮ್ಮೆ ಇಲ್ಲ. ಅದೂ ತಿಂಗಳ ಕೊನೆ. ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದವನು ವಿಜಯಪುರದ ಕಡೆಯ ಹುಡುಗ, ಕೆಲಸಕ್ಕೆ ಸೇರಿ ಮೂರು ತಿಂಗಳು. ಹಿಂದಿನ ವಾರವಷ್ಟೇ ಸ್ವಿಚ್‌ನ ಕೇಬಲ್‌ಗಳನ್ನು ಬದಲಿಸಿದ್ದ. ಎಲ್ಲರ ಮುಂದೆ ಅವನ ಮೇಲೆ ರೇಗಿದೆ. "ನಾ ಇವತ್ತ ಏನೂ ಮುಟ್ಟಿಲ್ರೀ ಸರ್" ಅಂದ. ನಾನು ನಂಬಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಾರಣ ಹುಡುಕಿದವನು ಅವನೇ. ಸ್ವಿಚ್‌ನ ಪಟ್ಟಿಯಲ್ಲಿ ಒಂದೇ ಮ್ಯಾಕ್ ವಿಳಾಸ ಒಮ್ಮೆ ಒಂದು ಪೋರ್ಟಿನಲ್ಲಿ, ಮರುಗಳಿಗೆ ಇನ್ನೊಂದರಲ್ಲಿ ಕಾಣುತ್ತಿತ್ತು. ಎರಡನೆಯ ಪೋರ್ಟಿನ ವೈರು ಹಿಡಿದು ಬಂದರೆ ನನ್ನ ಮೇಜು.

ಆದದ್ದಿಷ್ಟು. ವಿಎಂವೇರ್ ಪ್ರತಿ ಮಷೀನಿಗೂ ಯುಯುಐಡಿ ಎಂಬ ಗುರುತಿನ ಸಂಖ್ಯೆ ಕೊಡುತ್ತದೆ. ನೆಟ್‌ವರ್ಕಿನಲ್ಲಿ ಮಷೀನನ್ನು ಗುರುತಿಸುವ ಮ್ಯಾಕ್ ವಿಳಾಸವನ್ನೂ ಸಾಮಾನ್ಯವಾಗಿ ಅದರಿಂದಲೇ ರೂಪಿಸುತ್ತದೆ. 'ಸಾಗಿಸಿದೆ' ಅಂದರೆ ಹಳೆಯ ಗುರುತೇ ಉಳಿಯುತ್ತದೆ. 'ನಕಲು ಮಾಡಿದೆ' ಅಂದರೆ ಹೊಸ ಗುರುತು, ಹೊಸ ಮ್ಯಾಕ್. ನಾನು ತಪ್ಪು ಉತ್ತರ ಕೊಟ್ಟಿದ್ದರಿಂದ ಒಂದೇ ವಿಳಾಸದ ಎರಡು ಮಷೀನುಗಳು ಎದ್ದು ನಿಂತವು. ನಮ್ಮ ರೂಟರ್ ಮ್ಯಾಕ್ ನೋಡಿ ಐಪಿ ಕೊಡುತ್ತಿದ್ದರಿಂದ ಐಪಿಯೂ ಒಂದೇ ಆಯಿತು. ಸ್ವಿಚ್ ಪಾಪ, ಕಡೆಯದಾಗಿ ಯಾವ ಪೋರ್ಟಿನಿಂದ ದನಿ ಕೇಳಿತೋ ಅಲ್ಲಿಗೇ ಉತ್ತರ ತಲುಪಿಸುತ್ತಿತ್ತು.

ನಿಮ್ಮಲ್ಲಿ ಇಂಥ ಕೆಲಸ ಮಾಡುವವರಿಗೆ ಎರಡು ಮಾತು. ಹಳೆಯ ಮಷೀನ್ ಅಳಿಸಿದ್ದರೆ ಅಥವಾ ಅದನ್ನು ಮತ್ತೆಂದೂ ಶುರು ಮಾಡುವುದಿಲ್ಲವಾದರೆ ಮಾತ್ರ 'ಸಾಗಿಸಿದೆ' ಅನ್ನಿ. ಎರಡೂ ಓಡುವುದಿದ್ದರೆ ಅದು ನಕಲು. ಮ್ಯಾಕ್‌ಗೆ ಲೈಸೆನ್ಸ್ ಕಟ್ಟಿರುವ ಸಾಫ್ಟ್‌ವೇರ್ ಇದ್ದರೆ ಹೊಸ ಗುರುತಿನಿಂದ ಅದು ನಿಂತುಹೋಗಬಹುದು, ಅದನ್ನೂ ಮೊದಲೇ ಯೋಚಿಸಿ. ಮಷೀನಿನೊಳಗೇ ಐಪಿ ಬರೆದಿಟ್ಟಿದ್ದರೆ ಹೊಸ ಮ್ಯಾಕ್ ಬಂದರೂ ಐಪಿ ಜಗಳ ತಪ್ಪದು. ಹಾಗಾಗಿ ನಕಲನ್ನು ಮೊದಲ ಸಲ ಶುರು ಮಾಡುವಾಗ ಅದರ ನೆಟ್‌ವರ್ಕ್ ಸಂಪರ್ಕ ತೆಗೆದಿಡುವುದು ಒಳ್ಳೆಯದು.

ಎಲ್ಲ ಎಚ್ಚರಿಕೆಗಳೂ ಒಂದೇ ತೂಕದವಲ್ಲ. ಸಿಡಿ ಡ್ರೈವ್ ಸಿಗುತ್ತಿಲ್ಲ ಎಂಬುದು ಬಹುತೇಕ ನಿರಪಾಯಕಾರಿ. ಇನ್ನೆಂದೂ ಕೇಳಬೇಡ ಅಂದರೆ ಮುಗಿಯಿತು. ಇಂಟೆಲ್ ವಿಟಿ-ಎಕ್ಸ್ ನಿಷ್ಕ್ರಿಯವಾಗಿದೆ ಎಂದರೆ ಸಾಮಾನ್ಯವಾಗಿ ಕಂಪ್ಯೂಟರಿನ ಬಯೋಸ್‌ಗೆ ಹೋಗಿ ಸರಿಪಡಿಸಬೇಕು. ಈ ಮಷೀನ್ ಬಳಕೆಯಲ್ಲಿರುವಂತಿದೆ, ಒಡೆತನ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರೆ ಮಾತ್ರ ಕೈ ಹಿಂದೆಳೆಯಿರಿ. ಬೇರೆ ಯಾರಾದರೂ ಅದನ್ನು ಓಡಿಸುತ್ತಿದ್ದಾರಾ ನೋಡದೆ 'ಹೂಂ' ಅನ್ನಬೇಡಿ.

ಇನ್ನು ಆ ಹುಡುಗನ ವಿಷಯ. ಬೈದದ್ದು ಎಲ್ಲರ ಮುಂದೆ. ಕ್ಷಮೆ ಕೇಳಲು ಮಾತ್ರ ಕ್ಯಾಂಟೀನಿನ ಮೂಲೆ ಹುಡುಕಿದ್ದೆ. ಅವನು ತಲೆಯಾಡಿಸಿದ, ಏನೂ ಮಾತಾಡಲಿಲ್ಲ. ರಾತ್ರಿ ಮನೆಗೆ ಹೋದರೂ ಅದು ಸರಿ ಅನಿಸಲಿಲ್ಲ. ಮರುದಿನದ ವರದಿಯಲ್ಲಿ ಗುಂಡಿ ಒತ್ತಿದವನು ನಾನು, ಕಾರಣ ಕಂಡುಹಿಡಿದವನು ಅವನು ಎಂದು ಬರೆದು, ಮೊದಲ ದಿನ ಅಲ್ಲಿದ್ದ ಅಷ್ಟೂ ಜನರಿಗೆ ಕಳಿಸಿದೆ. ಕಳಿಸುವ ಗುಂಡಿ ಒತ್ತುವ ಮುಂಚೆ ಮೂರು ಸಲ ಓದಿದ್ದೆ.

ಸಂಜೆ ಅವನೇ ನನ್ನ ಮೇಜಿನ ಹತ್ತಿರ ಬಂದ. "ಇರ್ಲಿ ಬಿಡ್ರೀ ಸರ್. ಮುಂದಿನ ಸಲ ಓದಿ ಒತ್ರಿ" ಅಂದು ನಕ್ಕ.

ಅಂದಿನಿಂದ ಓದಿಯೇ ಒತ್ತುತ್ತಿದ್ದೇನೆ.