ಪಟದಲ್ಲಿರುವ ನಗೆ ಯಾರದು?

ನಡುಮನೆಯ ಗೋಡೆಯ ಮೇಲೆ ಹಿರಿಯರ ಭಾವಚಿತ್ರವೊಂದು ಇಲ್ಲದ ಮನೆ ವಿರಳ. ಗಂಧದ ಹಾರದ ನಡುವೆ ನೆಟ್ಟ ನೋಟದಿಂದ ಕುಳಿತ ಆ ಹಿರಿಯರು ಹತ್ತಾರು ವರ್ಷಗಳಿಂದ ರೆಪ್ಪೆ ಮಿಟುಕಿಸಿದವರಲ್ಲ. ಈಗ ಮನೆಯ ಹುಡುಗರು ಆ ಪಟವನ್ನು ಮೊಬೈಲಿನಲ್ಲಿ ಸೆರೆಹಿಡಿದು ಅಂತರಜಾಲದ ಯಾವುದಾದರೊಂದು ಉಚಿತ ಸಾಧನಕ್ಕೆ ಒಪ್ಪಿಸುತ್ತಾರೆ. ಸ್ವಲ್ಪ ಹೊತ್ತಿನಲ್ಲಿಯೇ ಅಜ್ಜ ಕಣ್ಣು ಮಿಟುಕಿಸುತ್ತಾರೆ, ಕತ್ತು ಹೊರಳಿಸುತ್ತಾರೆ, ತುಟಿಯಂಚಿನಲ್ಲಿ ನಗೆಯೊಂದು ಮೂಡುತ್ತದೆ. ನೋಡಿದವರ ಕಣ್ಣು ತೇವಗೊಳ್ಳುವುದೂ ಉಂಟು, ಮೈ ಜುಮ್ಮೆನ್ನುವುದೂ ಉಂಟು. ಎರಡೂ ಸಹಜವೇ. ಆದರೆ ಆ ನಗೆ ನಿಜವಾಗಿ ಅಜ್ಜನದೇ ಎಂದು ಕೇಳಿಕೊಳ್ಳುವವರು ಕಡಿಮೆ.

ಛಾಯಾಚಿತ್ರಕ್ಕೆ ಚಲನೆ ಕೊಡುವ ಸಾಧನಗಳಲ್ಲಿ ಎರಡು ಬಗೆಗಳಿವೆ. ಹೊರನೋಟಕ್ಕೆ ಒಂದೇ ಎನಿಸಿದರೂ ಇವುಗಳ ಸ್ವಭಾವ ತೀರ ಬೇರೆ. ಮೊದಲನೆಯದು ಹಲವು ಚಿತ್ರಗಳನ್ನು ಒಂದರ ಹಿಂದೊಂದು ತೋರಿಸಿ ಚಲನೆಯ ಭಾಸವನ್ನು ಉಂಟುಮಾಡುತ್ತದೆ. ಎರಡನೆಯದು ಒಂದೇ ಚಿತ್ರವನ್ನು ತೆಗೆದುಕೊಂಡು, ಅದರಲ್ಲಿ ಇಲ್ಲದ ಚಲನೆಯನ್ನು ಹೊರಗಿನಿಂದ ತಂದು ತುಂಬುತ್ತದೆ.

ಮೊದಲನೆಯ ಬಗೆ ಸಾಕಷ್ಟು ಹಳೆಯದು. ಬೆಲ್ಜಿಯಂ ದೇಶದ ವಿಜ್ಞಾನಿ ಜೋಸೆಫ್ ಪ್ಲಾಟೊ 1832ರಲ್ಲಿ ಒಂದು ದುಂಡು ತಟ್ಟೆಯ ಸುತ್ತ ಸೀಳುಗಳನ್ನು ಕೊರೆದು, ಒಂದಕ್ಕಿಂತ ಒಂದು ಕೊಂಚವೇ ಬೇರೆಯಾದ ಚಿತ್ರಗಳನ್ನು ಅದರ ಮೇಲೆ ಬರೆದರು. ಕನ್ನಡಿಯ ಮುಂದೆ ತಟ್ಟೆಯನ್ನು ತಿರುಗಿಸಿ ಸೀಳಿನ ಮೂಲಕ ನೋಡಿದರೆ ಚಿತ್ರದ ಮನುಷ್ಯ ಕುಣಿಯತೊಡಗುತ್ತಿದ್ದ. ನಮ್ಮ ದೇಶದಲ್ಲಿ ದಾದಾಸಾಹೇಬ್ ಫಾಲ್ಕೆಯವರು ‘ರಾಜಾ ಹರಿಶ್ಚಂದ್ರ’ ಚಿತ್ರಕ್ಕೆ ಕೈಹಾಕುವ ಮುನ್ನ ಮಾಡಿದ ಪ್ರಯೋಗವೂ ಇದೇ ಜಾತಿಯದು. ಕುಂಡದಲ್ಲಿ ಬಟಾಣಿ ಬಿತ್ತಿ, ಅದರ ಮುಂದೆ ಕ್ಯಾಮೆರಾವನ್ನು ಕದಲದಂತೆ ನಿಲ್ಲಿಸಿ, ದಿನದಿನವೂ ತಾಳ್ಮೆಯಿಂದ ಚಿತ್ರ ತೆಗೆದರು. ವಾರಗಳ ಬೆಳವಣಿಗೆ ಕ್ಷಣಗಳಲ್ಲಿ ಕಣ್ಣ ಮುಂದೆ ಅರಳಿತು. ಅದನ್ನು ಕಂಡು ಮೆಚ್ಚಿದವರಿಂದ ಬಂಡವಾಳ ದೊರೆತು, 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಯನ್ನು ಕಂಡಿತು.

ಗಣಕಯಂತ್ರದಲ್ಲಿ ಈ ಕೆಲಸವನ್ನು ಸುಲಭಗೊಳಿಸಿದ್ದು ‘ಜಿಫ್’ ಎಂಬ ಕಡತ. 1987ರಲ್ಲಿ ಅಮೆರಿಕದ ಕಂಪ್ಯೂಸರ್ವ್ ಸಂಸ್ಥೆಯ ಸ್ಟೀವ್ ವಿಲ್‌ಹೈಟ್ ಮತ್ತು ಅವರ ಸಂಗಡಿಗರು ಇದನ್ನು ರೂಪಿಸಿದರು. ನಿಧಾನಗತಿಯ ದೂರವಾಣಿ ತಂತಿಗಳ ಮೂಲಕ ಬಣ್ಣದ ಚಿತ್ರವನ್ನು ಕಿರಿದಾಗಿಸಿ ಕಳುಹಿಸುವುದು ಅವರ ಮುಖ್ಯ ಉದ್ದೇಶವಾಗಿತ್ತು. ಒಂದು ಕಡತದೊಳಗೆ ಹಲವು ಚಿತ್ರಗಳನ್ನು ಜೋಡಿಸಲು ಅದರಲ್ಲಿ ಅವಕಾಶವಿತ್ತು. ಪ್ರತಿಯೊಂದು ಚಿತ್ರವೂ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಸೆಕೆಂಡಿನ ನೂರನೆಯ ಭಾಗಗಳಲ್ಲಿ ಸೂಚಿಸುವ ಏರ್ಪಾಡು 1989ರಲ್ಲಿ ಸೇರಿತು. ಇಂದು ಶುಭಾಶಯದ ದೀಪವಾಗಿ ಮೊಬೈಲಿನಲ್ಲಿ ಉರಿಯುವ ಚಿತ್ರದ ಮೂಲ ಇದೇ.

ಉಚಿತವಾಗಿ ಜಿಫ್ ತಯಾರಿಸಿಕೊಡುವ ಜಾಲತಾಣಗಳು ಹಲವಿವೆ. ಚಿತ್ರಗಳನ್ನು ಕ್ರಮವಾಗಿ ಸೇರಿಸುವುದು, ಕಾಲಾವಧಿಯನ್ನು ನಮೂದಿಸುವುದು, ಸಿದ್ಧವಾದುದನ್ನು ಇಳಿಸಿಕೊಳ್ಳುವುದು, ಇಷ್ಟೇ ಕೆಲಸ. ನೂರನೆಯ ಭಾಗದ ಲೆಕ್ಕದಲ್ಲಿ 100 ಎಂದು ಬರೆದರೆ ಪ್ರತಿ ಚಿತ್ರವೂ ಒಂದು ಸೆಕೆಂಡು ನಿಲ್ಲುತ್ತದೆ. 10 ಎಂದು ಬರೆದರೆ ಸೆಕೆಂಡಿಗೆ ಹತ್ತು ಚಿತ್ರಗಳು ಓಡುತ್ತವೆ. ಜಿಫ್ ಚಿತ್ರವೊಂದರ ಬಣ್ಣದ ಪಟ್ಟಿಯಲ್ಲಿ 256ಕ್ಕೆ ಮೀರಿ ಬಣ್ಣಗಳಿರಲಾರವಾದ್ದರಿಂದ ಮುಖದ ನಸುನೆರಳುಗಳು ಕೆಲವೊಮ್ಮೆ ಒರಟಾಗಿ ಕಾಣುವುದುಂಟು. ಮಗುವಿನ ಪ್ರತಿ ಹುಟ್ಟುಹಬ್ಬದ ಚಿತ್ರ, ಮೊಗ್ಗು ಹೂವಾದ ಬಗೆ, ಅಂಗಳದಲ್ಲಿ ರಂಗೋಲಿ ಚುಕ್ಕಿಯಿಂದ ಚುಕ್ಕಿಗೆ ಬೆಳೆದ ರೀತಿ, ಇವೆಲ್ಲವೂ ಈ ವಿಧಾನಕ್ಕೆ ಚೆನ್ನಾಗಿ ಒಗ್ಗುತ್ತವೆ. ಇಲ್ಲಿ ತೋರುವ ಪ್ರತಿಯೊಂದು ಚಿತ್ರವೂ ಕ್ಯಾಮೆರಾ ನಿಜವಾಗಿ ಕಂಡದ್ದು.

ಎರಡನೆಯ ಬಗೆಯದು ಬೇರೆಯೇ ಕಥೆ. 2021ರ ಫೆಬ್ರವರಿಯಲ್ಲಿ, ವಂಶವೃಕ್ಷಗಳನ್ನು ರಚಿಸಲು ನೆರವಾಗುವ ಇಸ್ರೇಲಿನ ಮೈಹೆರಿಟೇಜ್ ಸಂಸ್ಥೆ ‘ಡೀಪ್ ನೊಸ್ಟಾಲ್ಜಿಯಾ’ ಎಂಬ ಸಾಧನವನ್ನು ಹೊರತಂದಿತು. ಅದರ ತಂತ್ರವನ್ನು ಒದಗಿಸಿದ್ದು ಡಿ-ಐಡಿ ಎಂಬ ಇನ್ನೊಂದು ಸಂಸ್ಥೆ. ಯಂತ್ರವು ಪಟದಲ್ಲಿನ ಕಣ್ಣು, ಹುಬ್ಬು, ತುಟಿಯಂಚು, ಗಲ್ಲ ಇವುಗಳ ಸ್ಥಾನವನ್ನು ಗುರುತಿಸಿಕೊಳ್ಳುತ್ತದೆ. ಬಳಿಕ, ಮೊದಲೇ ಚಿತ್ರೀಕರಿಸಿಟ್ಟ ಬೇರೊಬ್ಬ ವ್ಯಕ್ತಿಯ ಮುಖಚಲನೆಗೆ ಅನುಗುಣವಾಗಿ ಈ ಪಟವನ್ನು ಎಳೆದು ಬಾಗಿಸುತ್ತದೆ. ತಲೆ ಹೊರಳಿದಾಗ ಹೊಸದಾಗಿ ಕಾಣಬೇಕಾದ ಕೆನ್ನೆಯ ಬದಿ, ತುಟಿ ತೆರೆದಾಗ ತೋರಬೇಕಾದ ಹಲ್ಲು ಮೂಲಪಟದಲ್ಲಿ ಇರುವುದೇ ಇಲ್ಲ. ಅವನ್ನು ಅಸಂಖ್ಯ ಮುಖಗಳಿಂದ ಕಲಿತ ಊಹೆಯ ಬಲದಿಂದ ಯಂತ್ರವೇ ರಚಿಸಿಕೊಳ್ಳುತ್ತದೆ. ಅಜ್ಜಿಯ ಮುಂಬಲ್ಲುಗಳ ನಡುವೆ ಸಂದಿಯಿತ್ತೆಂಬುದು ಮುಚ್ಚಿದ ತುಟಿಯ ಪಟದಿಂದ ಯಂತ್ರಕ್ಕೆ ತಿಳಿಯುವುದೆಂತು?

ಎಂದರೆ, ಅಜ್ಜನ ಮುಖದ ಮೇಲೆ ಮೂಡಿದ ಆ ನಗೆ ಯಾರೋ ಅಪರಿಚಿತನದು, ಎರವಲು ತಂದದ್ದು.

ಈ ಸಾಧನ ಬಂದ ಕೆಲವೇ ದಿನಗಳಲ್ಲಿ ಭಾರತದಲ್ಲಿಯೂ ಅನೇಕರು ಭಗತ್ ಸಿಂಗ್, ಸ್ವಾಮಿ ವಿವೇಕಾನಂದ ಮೊದಲಾದವರ ಪಟಗಳನ್ನು ಅದಕ್ಕೆ ಒಡ್ಡಿದರು. ಟೋಪಿ ಧರಿಸಿದ ಭಗತ್ ಸಿಂಗರ ಪ್ರಸಿದ್ಧ ಭಾವಚಿತ್ರ 1929ರಲ್ಲಿ ದೆಹಲಿಯ ಕಾಶ್ಮೀರಿ ಗೇಟಿನ ಸ್ಟುಡಿಯೋ ಒಂದರಲ್ಲಿ ತೆಗೆದದ್ದು. ಅದಾದ ಕೆಲದಿನಗಳಿಗೆ, ಏಪ್ರಿಲ್ 8ರಂದು, ಅವರು ಕೇಂದ್ರ ಶಾಸನಸಭೆಯಲ್ಲಿ ಬಾಂಬು ಎಸೆದು ಸೆರೆಯಾದರು. 1931ರ ಮಾರ್ಚ್ 23ರಂದು ಗಲ್ಲಿಗೇರಿದರು. ಮುಂದೇನಾಗುವುದೆಂಬುದನ್ನು ಬಲ್ಲ ತರುಣನೊಬ್ಬ ಕ್ಯಾಮೆರಾದ ಎದುರು ತಾನಾಗಿ ಆರಿಸಿಕೊಂಡ ನೋಟ ಅದು. ಆ ಮುಖ ಅತ್ತಿತ್ತ ಹೊರಳಿ ಮುಗುಳ್ನಕ್ಕಾಗ ಲಕ್ಷಾಂತರ ಮಂದಿಗೆ ರೋಮಾಂಚನವಾಗಿರಬಹುದು. ಆದರೆ ಅವರು ಉದ್ದೇಶಪೂರ್ವಕವಾಗಿ ಉಳಿಸಿಹೋದ ಗಾಂಭೀರ್ಯ ಅಲ್ಲಿ ಅಳಿಸಿಹೋಯಿತೆಂಬುದೂ ಅಷ್ಟೇ ನಿಜ.

ದುರುಪಯೋಗವಾದೀತೆಂಬ ಎಚ್ಚರದಿಂದ ಮೈಹೆರಿಟೇಜ್ ಮೊದಲು ಈ ಚಿತ್ರಗಳಿಗೆ ಮಾತು ಕೊಟ್ಟಿರಲಿಲ್ಲ. ಈಗ ಪಟವನ್ನು ಮಾತನಾಡಿಸುವ, ನಡೆಯಿಸುವ, ಅಪ್ಪಿಕೊಳ್ಳುವಂತೆ ಮಾಡುವ ಸಾಧನಗಳು ಬೇರೆಯವರಿಂದಲೂ ಧಾರಾಳವಾಗಿ ಬಂದಿವೆ. ಆದುದರಿಂದ ಗೃಹಸ್ಥರು ಕೆಲವು ಎಚ್ಚರಗಳನ್ನು ವಹಿಸುವುದು ಒಳ್ಳೆಯದು. ‘ಉಚಿತ’ ಎಂಬ ಮಾತನ್ನು ನಂಬಿ ಪಟವನ್ನು ಕಳುಹಿಸಿದೊಡನೆ ಅದು ಮನೆಯ ಹೊಸಿಲು ದಾಟಿ ಪರರ ಗಣಕಯಂತ್ರವನ್ನು ಸೇರಿರುತ್ತದೆ. ಅಲ್ಲಿ ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ, ಯಂತ್ರಕ್ಕೆ ಪಾಠ ಕಲಿಸಲು ಬಳಸುತ್ತಾರೆಯೆ, ಬೇಡವೆಂದರೆ ಅಳಿಸುತ್ತಾರೆಯೆ ಎಂಬುದನ್ನು ನಿಬಂಧನೆಗಳಲ್ಲಿ ಓದಿ ನೋಡಬೇಕು. ಬದುಕಿರುವವರ ಪಟವಾದರೆ ಅವರ ಒಪ್ಪಿಗೆ ಬೇಕು. ಮಕ್ಕಳ ಪಟಗಳನ್ನು ಕಳುಹಿಸದಿರುವುದೇ ಲೇಸು. ಕೇವಲ ಜಿಫ್ ಬೇಕೆನ್ನುವವರಿಗೆ ‘ಗಿಂಪ್’ ಎಂಬ ಉಚಿತ ತಂತ್ರಾಂಶವುಂಟು. ಅದು ಸ್ವಂತ ಗಣಕಯಂತ್ರದಲ್ಲಿಯೇ ಕೆಲಸಮಾಡುವುದರಿಂದ ಚಿತ್ರ ಹೊರಗೆ ಹೋಗಬೇಕಾಗಿಲ್ಲ.

ಇದಕ್ಕಿಂತ ದೊಡ್ಡ ಎಚ್ಚರವೊಂದಿದೆ. ಹಿರಿಯರನ್ನು ಕಂಡವರು ಮನೆಯಲ್ಲಿರುವವರೆಗೆ “ಅವರು ಹೀಗೆ ನಗುತ್ತಿರಲಿಲ್ಲ” ಎಂದು ಹೇಳುವ ಬಾಯಿ ಇರುತ್ತದೆ. ಆ ತಲೆಮಾರು ಸರಿದ ಮೇಲೆ ಮೊಮ್ಮಕ್ಕಳ ಮಕ್ಕಳಿಗೆ ಉಳಿಯುವುದು ಯಂತ್ರದ ನಗೆಯೊಂದೇ. ಅದನ್ನೇ ಅವರು ಮುತ್ತಜ್ಜನ ನೆನಪೆಂದು ನಂಬುತ್ತಾರೆ. ಆದಕಾರಣ ಚಲಿಸುವ ಚಿತ್ರದ ಕೆಳಗೆ ಅದು ಯಂತ್ರ ರಚಿಸಿದ್ದೆಂದು ಬರೆದಿಡಬೇಕು. ಮೂಲಪಟವನ್ನು ಬೇರೆಯಾಗಿ, ಹೆಸರು ವರ್ಷಗಳೊಡನೆ ಜೋಪಾನಮಾಡಬೇಕು. ಜೊತೆಗೆ, ಅಜ್ಜ ಹೇಗೆ ನಗುತ್ತಿದ್ದರು, ಯಾವ ಮಾತಿಗೆ ನಗುತ್ತಿದ್ದರು ಎಂದು ಅಜ್ಜಿಯನ್ನು ಕೇಳಿ ನಾಲ್ಕು ಸಾಲು ಬರೆದಿಟ್ಟರೆ, ಯಾವ ಯಂತ್ರವೂ ಕೊಡಲಾರದುದು ಮನೆಯಲ್ಲಿ ಉಳಿಯುತ್ತದೆ. ಅದಕ್ಕೂ ಶುಲ್ಕವಿಲ್ಲ.